ಅಕ್ಕಿ ಎಲ್ಲಿಂದ ಬರುತ್ತದೆ? ಮೂರು ಡಿಸ್ಟೋಪಿಯ ಕಾದಂಬರಿಗಳು

ಹದಿಹರೆಯದವರ ಡಿಸ್ಟೋಪಿಯ (ಆಳ್ವಿಕೆ ಕೆಟ್ಟು ಬದುಕು ಉಸಿರುಗಟ್ಟಿದ ಕಲ್ಪಿತ ಲೋಕದ) ಕಾದಂಬರಿಗಳಲ್ಲಿ ಒಂದಕ್ಕಷ್ಟೇ ದುಡ್ಡಿದ್ದರೆ ‘ದಿ ಹಂಗರ್ ಗೇಮ್ಸ್’ (2008) ಕೊಳ್ಳಿ. ‘ಡೈವರ್ಜೆಂಟ್’ನ (2011) ಮೂರು ಸಂಪುಟ ಒಟ್ಟಿಗೆ ಸೋವಿಗೆ ಸಿಗುತ್ತದೆಂದು ಎತ್ತಿಕೊಂಡರೆ ನಷ್ಟ. ಯಾಕೆಂದು ಹೇಳಲು ರೇಶನ್ ಅಂಗಡಿಯಿಂದ ಶುರುಮಾಡಬೇಕು.

ಕಾಸರಗೋಡಿನವರಿಗೆ ಆಳ್ವಿಕೆ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಡು ಹಳದಿಯೋ, ಗುಲಾಬಿಯೋ, ನೀಲಿಯೋ, ಬಿಳಿಯೋ ಎಂಬುದರ ಮೇಲೆ ಅಕ್ಕಿಯ ಲೆಕ್ಕ. ಫಾರ್ಮು ಮಲಯಾಳದಲ್ಲಿದ್ದರೆ ಅಜ್ಜಿಗೆ ಮೊಮ್ಮಗಳೇ ಓದಿ ಹೇಳಬೇಕು. ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ 1956ರ ನವೆಂಬರ್ 1ರ ಗೆರೆ ಇಂದಿಗೂ ಬೋರ್ಡುಗಳ ಮೇಲಿದೆ. ಹಾಗಾಗಿ ಕಾದಂಬರಿಯ ಊರಿಗೂ ಇಲ್ಲಿನ ಓದುಗ ಕೇಳುವುದು ಅದನ್ನೇ: ಊಟ ಯಾರು ತರುತ್ತಾರೆ, ಸರದಿಯಲ್ಲಿ ಯಾರು ನಿಲ್ಲುತ್ತಾರೆ?

‘ಹಂಗರ್ ಗೇಮ್ಸ್’ನಲ್ಲಿ ಉತ್ತರ ಅಂಕಿಗಳಲ್ಲೇ ಸಿಗುತ್ತದೆ. ಅಲ್ಲಿ ಸರಕಾರ ವರ್ಷವರ್ಷವೂ ಲಾಟರಿ ಎತ್ತಿ ಮಕ್ಕಳನ್ನು ಸಾಯುವ ತನಕದ ಕಾಳಗಕ್ಕೆ ಕಳಿಸುತ್ತದೆ. 12 ತುಂಬಿದ ಮಗುವಿನ ಹೆಸರಿನ ಒಂದು ಚೀಟಿ ಆ ಲಾಟರಿಗೆ ಬೀಳುತ್ತದೆ, 13ಕ್ಕೆ ಎರಡು, ಹೀಗೆ 18ಕ್ಕೆ ಏಳು. ಮನೆಯಲ್ಲಿ ಹಸಿವಿದ್ದರೆ ಇನ್ನೊಂದು ಚೀಟಿ ಹಾಕಿಸಿ ಒಬ್ಬರಿಗೆ ಒಂದು ವರ್ಷದ ಧಾನ್ಯ, ಎಣ್ಣೆ ಪಡೆಯಬಹುದು, ಅದೂ ಅರೆಹೊಟ್ಟೆಗೆ. ನಾಯಕಿ ಕ್ಯಾಟ್ನಿಸ್ ತನಗೆ, ತಾಯಿಗೆ, ತಂಗಿಗೆಂದು ವರ್ಷಕ್ಕೆ ಮೂರು ಹಾಕಿಸುತ್ತಾಳೆ. 16ನೆಯ ವಯಸ್ಸಿಗೆ ತನ್ನ ಪಾಲಿನ 5, ಅನ್ನಕ್ಕಾಗಿ 15, ಒಟ್ಟು 20. ಐದು ಜನರ ಮನೆಯ ಅವಳ ಗೆಳೆಯ ಗೇಲ್‌ಗೆ 18ರಲ್ಲಿ 42. ಕೂಡಿಸಿ ನೋಡಿ, ತಾಳೆಯಾಗುತ್ತದೆ. ಇವರಿಬ್ಬರ ಸಿಟ್ಟು, ಜಿಪುಣತನ, ಯಾರ ಉಪಕಾರವನ್ನೂ ಸಹಿಸದ ಗುಣ ಎಲ್ಲವೂ ಆ ಲೆಕ್ಕದಿಂದ ಹುಟ್ಟಿದವು. ಪಾತ್ರ ಬೇರೆ, ಲೋಕ ಬೇರೆ ಎಂದು ಬಿಡಿಸಲಾಗುವುದಿಲ್ಲ.

ಹುಳುಕು ಇಲ್ಲವೆಂದಲ್ಲ. ಇಡೀ ದೇಶಕ್ಕೆ ಕಲ್ಲಿದ್ದಲು ಕೊಡುವ ಇವರ ಜಿಲ್ಲೆಯಲ್ಲಿ ಸುಮಾರು 8,000 ಜನರಂತೆ! ನಮ್ಮ ಒಂದು ಪಂಚಾಯತಿನ ಜನವೂ ಅಷ್ಟು ಕಡಿಮೆ ಇರಲಾರದು.

ಈಗ ‘ಡೈವರ್ಜೆಂಟ್’. ಶಿಕಾಗೊ ನಗರ, ಐದು ಬಣ, 16ಕ್ಕೆ ಬಣದ ಆಯ್ಕೆ. ಆಯ್ಕೆಯ ದಿನದ ಬಟ್ಟಲುಗಳು ಚೆನ್ನಾಗಿವೆ: ಕಲ್ಲು, ನೀರು, ಮಣ್ಣು, ಗಾಜು, ಕೆಂಡ. ಓಡುವ ರೈಲಿಗೆ ಹಾರುವ ದೃಶ್ಯವೂ ಜೋರಾಗಿದೆ. ಆದರೆ ಈ ವ್ಯವಸ್ಥೆ ಯಾಕೆ ಹುಟ್ಟಿತೆಂದರೆ ಸಿಗುವುದು ಸಮಾರಂಭದಲ್ಲೊಂದು ಭಾಷಣ: ಯುದ್ಧಕ್ಕೆ ಮನುಷ್ಯನ ಸ್ವಭಾವವೇ ಕಾರಣ, ಹಾಗಾಗಿ ಸ್ವಭಾವಕ್ಕೊಂದು ಬಣ. ಅಲ್ಲಿಗೆ ಮುಗಿಯಿತು. ನಗರದ ಬೇಲಿಯಾಚೆ ಏನಿದೆ, ಬೀಗ ಹೊರಗಡೆಯಿಂದ ಯಾಕಿದೆ ಎಂಬುದು ಮೂರನೆಯ ಸಂಪುಟದವರೆಗೆ (2013) ಬಾಕಿ.

ಕಿರಿಕಿರಿ ಇಲ್ಲೇ. ಗುಟ್ಟು ಬಚ್ಚಿಡುವುದು ತಪ್ಪಲ್ಲ, ಪತ್ತೇದಾರಿ ಕತೆ ಬದುಕುವುದೇ ಅದರಿಂದ. ಆದರೆ ಗುಟ್ಟು ಹೊರಬೀಳುವ ತನಕ ಜನ ದಿನನಿತ್ಯ ಬದುಕುವುದನ್ನಾದರೂ ತೋರಿಸಬೇಕಲ್ಲ. ಕಸ ಗುಡಿಸುವುದು, ಬಸ್ಸು ಓಡಿಸುವುದು, ಕಟ್ಟಡ ಕಟ್ಟುವುದು ಬಣವಿಲ್ಲದವರ ಪಾಲು. ನಗರ ನಿಂತಿರುವುದೇ ಅವರ ಮೇಲೆ. ಮೊದಲ ಸಂಪುಟದಲ್ಲಿ ಅವರು ಬೀದಿಬದಿಯಲ್ಲಿ ಇಣುಕಿ ಮರೆಯಾಗುತ್ತಾರೆ ಅಷ್ಟೆ. ಅವರೊಳಗೆ ಕತೆ ಹೊಕ್ಕುವುದು ಎರಡನೆಯದರಲ್ಲಿ (2012).

ಇದರ ಪೆಟ್ಟು ಪಾತ್ರಗಳಿಗೂ ಬೀಳುತ್ತದೆ. ಬಣ ಎಂದರೆ ಒಂದೇ ಗುಣ. ಲೇಖಕಿ ಅದನ್ನು ಅಣಕಿಸುವ ಬದಲು ತಾನೂ ಅದೇ ಅಚ್ಚಿನಲ್ಲಿ ಜನರನ್ನು ಎರಕ ಹೊಯ್ಯುತ್ತಾಳೆ. ಸತ್ಯದ ಬಣದಿಂದ ಬಂದವಳು ಬಾಯಿಗೆ ಬಂದದ್ದು ಹೇಳುತ್ತಾಳೆ, ಜಾಣರ ಬಣದವನು ಅಂಕಿಅಂಶ ಹೇಳುತ್ತಾನೆ. ಕೊನೆಗೆ ಒಬ್ಬ ಗೆಳೆಯ ಸತ್ತಾಗ ಓದುಗನ ಎದೆಗೆ ಏನೂ ತಾಗುವುದಿಲ್ಲ. ಅವನಿಗೊಂದು ಮನೆಯಿತ್ತೆಂದು ನಂಬುವಷ್ಟೂ ಅವನು ಬೆಳೆದಿರುವುದಿಲ್ಲ. ನಾಯಕಿ ಟ್ರಿಸ್‌ಳ ತಾಯಿ ಮಾತ್ರ ಇದಕ್ಕೆ ಹೊರತು. ಸಿಗುವ ಕೆಲವೇ ಪುಟಗಳಲ್ಲಿ ಆಕೆ ಉಳಿದವರೆಲ್ಲರಿಗಿಂತ ತೂಕದವಳು.

‘ದಿ ಗಿವರ್’ (1993) ತೆಳ್ಳಗಿನದು. ಅಲ್ಲಿನ ಜನರ ಲೋಕದಲ್ಲಿ ಬಣ್ಣಗಳೇ ಇಲ್ಲ, ಅವನ್ನು ಹೇಗೆ ಅಳಿಸಿದರೆಂದು ಅದೂ ಹೇಳುವುದಿಲ್ಲ. ಆದರೆ ಅಲ್ಲಿ ಮಕ್ಕಳಿಗೆ ಸೈಕಲ್ಲು ಸಿಗುವುದು ಒಂಬತ್ತಕ್ಕೇ, ಒಂದು ಮನೆಗೆ ಎರಡೇ ಮಕ್ಕಳು, ಅದೂ ಹೆತ್ತವರಿಂದಲ್ಲ, ಹಂಚಿಕೆಯಿಂದ. ಇಂಥ ಸಣ್ಣ ನಿಯಮಗಳೇ ಅಲ್ಲಿ ಗೋಡೆ ಕಟ್ಟುತ್ತವೆ. ಹನ್ನೆರಡು ವರ್ಷದ ನಾಯಕ ಜೋನಸ್‌ಗೆ ಗೊತ್ತಿರುವಷ್ಟೇ ನಮಗೂ ಗೊತ್ತು, ಹಾಗಾಗಿ ತೂತು ಕಣ್ಣಿಗೆ ಬೀಳುವುದಿಲ್ಲ. ಅಂತ್ಯ ತೆರೆದೇ ಉಳಿಯುತ್ತದೆ. ಕೆಲವರಿಗೆ ಹಿಡಿಸದು.

ಬಸ್ಸಿನಲ್ಲಿ ಓದುವ ಅಭ್ಯಾಸದವರಿಗೆ, ಒಂದೇ ಸಂಪುಟಕ್ಕೆ ದುಡ್ಡು ತೆಗೆದಿಡುವವರಿಗೆ ‘ಹಂಗರ್ ಗೇಮ್ಸ್’ನ ಮೊದಲನೆಯದೇ ಸಾಕು, ಅದು ಅಲ್ಲಿಗೇ ಮುಗಿದಂತೆ ಓದಿಸಿಕೊಳ್ಳುತ್ತದೆ. ಹನ್ನೊಂದು ಹನ್ನೆರಡರ ಮಕ್ಕಳಿಗೆ ‘ಗಿವರ್’ ಕೊಡಿ, ಮಂಗಳೂರಿಗೆ ಎರಡು ಸಲ ಹೋಗಿಬರುವಷ್ಟರಲ್ಲಿ ಮುಗಿಯುತ್ತದೆ. ‘ಡೈವರ್ಜೆಂಟ್’ ಬೇಕೇ ಬೇಕೆಂದು ಮಕ್ಕಳು ಹಠ ಹಿಡಿದರೆ ಮೊದಲ ಸಂಪುಟವನ್ನು ಯಾರಿಂದಾದರೂ ಎರವಲು ತನ್ನಿ. ಎರಡನೆಯದನ್ನು ಅವರಾಗಿ ಕೇಳಿದರೆ ಮಾತ್ರ ಪರ್ಸು ತೆಗೆಯಿರಿ.