ಜೆರುಸಲೇಮಿನ ಮೆಝೂಝಾ: ಡಬ್ಬಿಗೆ ಮೂರು, ಒಳಗಿನ ಹಾಳೆಗೆ ಐದಕ್ಕೆ ಐದು

ಜೆರುಸಲೇಮಿನಲ್ಲಿ ನಾನು ನೋಡಿಕೊಳ್ಳುವ ಅಜ್ಜಿಯ ಮಲಗುವ ಕೋಣೆಗೆ ಹೊಸ ಮೆಝೂಝಾ ಬೇಕಿತ್ತು. ಅಂದರೆ ಧರ್ಮಗ್ರಂಥದ ಸಾಲುಗಳನ್ನು ಬರೆದ ಹಾಳೆಯನ್ನು ಒಳಗಿಟ್ಟು ಯಹೂದಿಗಳು ಬಾಗಿಲ ಕಂಬಕ್ಕೆ ಹೊಡೆಯುವ ಡಬ್ಬಿ. ಕಟ್ಟಾ ಸಂಪ್ರದಾಯದ ಯಹೂದಿಗಳ ಬಡಾವಣೆ ಮೇಆ ಶೆಆರಿಮ್‌ನ ಒಂದು ಚಿಕ್ಕ ಅಂಗಡಿಯಿಂದ ತಂದೆ. ಇಲ್ಲಿ ಕೆಲಸಕ್ಕೆ ಬಂದ ನಮ್ಮವರು ಬಾಗಿಲಿನ ಈ ಡಬ್ಬಿಯನ್ನು ದಿನಾ ನೋಡುತ್ತಾರೆ. ಅದರ ಮೇಲಿನ ಮೂರು ಕೊಂಬಿನ ಅಕ್ಷರ ಏನು ಅಂತ ಕೇಳುತ್ತಲೂ ಇರುತ್ತಾರೆ.

ಅದು ಶಿನ್. ಹೀಬ್ರೂವಿನ 22 ಅಕ್ಷರಗಳಲ್ಲಿ 21ನೆಯದು, ದೇವರ ಹೆಸರಾದ ಶದ್ದಾಯ್‌ಗೆ ಮೊದಲ ಅಕ್ಷರ. ಆ ಹೆಸರಿನ ಮೂರು ಅಕ್ಷರಗಳಲ್ಲಿ 'ಇಸ್ರೇಲಿನ ಬಾಗಿಲುಗಳನ್ನು ಕಾಯುವವನು' ಎಂಬ ಮಾತು ಅಡಗಿದೆ ಎನ್ನುತ್ತಾರೆ. ಇನ್ನೊಂದು ಅರ್ಥವೂ ಇದೆ. ಯಹೂದಿ ಅನುಭಾವಿಗಳು ಅಲೆಫ್ ಅನ್ನು ಗಾಳಿಗೆ, ಮೇಮ್ ಅನ್ನು ನೀರಿಗೆ, ಶಿನ್ ಅನ್ನು ಬೆಂಕಿಗೆ ಸೇರಿಸುತ್ತಾರೆ. ಅಜ್ಜಿಗೆ ಈ ಬೆಂಕಿಯ ಮಾತೇ ಇಷ್ಟ. ರಾತ್ರಿ ಅವರ ಉಸಿರಾಟಕ್ಕೆ ಕಿವಿಗೊಟ್ಟು ಮಲಗುವ ನನಗೆ ಮಾತ್ರ ಬಾಗಿಲು ಕಾಯುವ ಅರ್ಥವೇ ಹತ್ತಿರ.

ಡಬ್ಬಿ ಆಲಿವ್ ಮರದ್ದು, 70 ಶೆಕೆಲ್. ಮರ ನುಣುಪಾಗಿದೆ, ಬಣ್ಣ ಚೆನ್ನಾಗಿದೆ. ಆದರೆ ಮೇಲೆ ಅಂಟಿಸಿದ ಲೋಹದ ಶಿನ್ ನನಗೆ ಹಿಡಿಸಲಿಲ್ಲ. ಅಲಂಕಾರ ಜಾಸ್ತಿಯಾಗಿ ನಡುವಿನ ಕೊಂಬು ಎಡಗಡೆಯದಕ್ಕೆ ಅಂಟಿಕೊಂಡಿದೆ. ಮೂರು ಕೊಂಬು ಬೇರೆಬೇರೆ ಕಂಡರೇ ಅಲ್ವಾ ಅದು ಶಿನ್?

ಒಳಗಿನ ಹಾಳೆ ನೋಡಿದ ಮೇಲಂತೂ ಈ ಕೊರತೆ ಇನ್ನೂ ಎದ್ದು ಕಂಡಿತು. ಹಾಳೆಗೆ ಬೇರೆ 220 ಶೆಕೆಲ್. ಹದ ಮಾಡಿದ ಚರ್ಮದ ಮೇಲೆ 22 ಸಾಲು, 713 ಅಕ್ಷರ, ಎಲ್ಲವೂ ಸೋಫೆರ್ (ಧರ್ಮಗ್ರಂಥ ಬರೆಯುವ ಲಿಪಿಕಾರ) ಒಬ್ಬರ ಕೈಬರಹ. ಅಂಗಡಿಯವರು ಭೂತಗನ್ನಡಿ ಕೊಟ್ಟು, ಅವಸರ ಮಾಡದೆ ಒಂದು ಶಿನ್ ತೋರಿಸಿದರು. ಮೂರು ಕೊಂಬು ಕೆಳಗೆ ಒಂದೇ ಕಡೆ ಕೂಡಬೇಕು, ಮೇಲೆ ಒಂದಕ್ಕೊಂದು ತಾಗಬಾರದು. ತಾಗಿದರೆ ಆ ಅಕ್ಷರ ಸಲ್ಲುವುದಿಲ್ಲ. ಅಕ್ಷರಗಳನ್ನು ಕ್ರಮವಾಗಿಯೇ ಬರೆಯಬೇಕಂತೆ. ಮುಂದೆ ಹೋದ ಮೇಲೆ ಹಿಂದೆ ಬಿಟ್ಟುಹೋದ ಅಕ್ಷರವನ್ನು ತುಂಬುವ ಹಾಗಿಲ್ಲ, ಇಡೀ ಹಾಳೆಯೇ ವ್ಯರ್ಥ. ಶಿನ್‌ನ ತಲೆಯ ಮೇಲೆ ಕೂದಲೆಳೆಯಂಥ ಮೂರು ಗೆರೆಗಳ ಕಿರೀಟವೂ ಇದೆ. ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದಕ್ಕೆ ಯಾರೋ ಇಷ್ಟು ಶ್ರಮಪಟ್ಟಿದ್ದಾರಲ್ಲ ಎಂದು ಮನಸ್ಸು ತುಂಬಿ ಬಂತು. ಹಾಳೆಯ ಹಿಂಬದಿಯಲ್ಲಿ ಶದ್ದಾಯ್ ಎಂದಿದೆ. ಸುತ್ತಿದಾಗ ಅದು ಹೊರಗೆ ಬರುತ್ತದೆ.

ಇದಕ್ಕೂ ಮೊದಲು ಬೇರೊಂದು ಅಂಗಡಿಯಲ್ಲಿ ಚೆಂದದ ಡಬ್ಬಿಯೊಳಗೆ ಮುದ್ರಿಸಿದ ಕಾಗದ ಇಟ್ಟು ತೋರಿಸಿದ್ದರು. ಅದು ಸಲ್ಲುವುದಿಲ್ಲ ಎಂದು ಅವರಾಗಿ ಹೇಳಲೂ ಇಲ್ಲ. ಪ್ರವಾಸಿಗರು ನಂಬಿ ಕೊಂಡುಬಿಡುತ್ತಾರೆ, ಬೇಜಾರಾಗುತ್ತದೆ.

ಒಳಗೆ ಹೋಗುವಾಗ ಬಲಕ್ಕೆ ಸಿಗುವ ಬಾಗಿಲ ಕಂಬದಲ್ಲಿ, ಭುಜದೆತ್ತರಕ್ಕೆ, ಅಜ್ಜಿಯ ಮನೆಯ ರೂಢಿಯಂತೆ ಸ್ವಲ್ಪ ಓರೆಯಾಗಿ ಹೊಡೆದೆವು. ಏಳು ವರ್ಷಕ್ಕೆ ಎರಡು ಸಲ ಹಾಳೆಯನ್ನು ಪರೀಕ್ಷೆ ಮಾಡಿಸಬೇಕು. ಈ ಅಂಗಡಿಯವರೇ ಮಾಡಿಕೊಡುತ್ತಾರೆ.

ಹೋಗುವವರು ಮೈತುಂಬ ಬಟ್ಟೆ ಹಾಕಿಕೊಂಡು, ಸಬ್ಬತ್‌ಗೆ (ಯಹೂದಿಗಳ ವಾರದ ವಿಶ್ರಾಂತಿ ದಿನ) ಅಂಗಡಿ ಮುಚ್ಚುವ ಮೊದಲು, ಶುಕ್ರವಾರ ಬೆಳಿಗ್ಗೆಯೊಳಗೇ ಹೋಗಿ. ಮೊದಲು ಹಾಳೆ ಆರಿಸಿ, ಆಮೇಲೆ ಡಬ್ಬಿ. 10 ಸೆಂಟಿಮೀಟರ್ ಹಾಳೆಗೆ 12ರ ಡಬ್ಬಿ ಸರಿಹೋಗುತ್ತದೆ.