ಬ್ಯಾಟರಿಗೆ ನೀರು ಹಾಕೋಕೆ ಬಂದವನ ಕ್ಯಾನ್ ಮೊದಲು ನೋಡಿ

ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನೀರು ಹಾಕುತ್ತೇನೆ ಅಂತ ಬಂದವನು ನನ್ನ ಬ್ಯಾಟರಿಗೆ ಆಸಿಡ್ ಸುರಿದು ಹೋದ. ನನ್ನ ಕಣ್ಣೆದುರೇ. ಅದಕ್ಕೆ ದುಡ್ಡು ಬೇರೆ ಎಣಿಸಿ ಕೊಟ್ಟು ಕಳಿಸಿದೆ. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ, ಯಾರ ಹತ್ತಿರವಾದರೂ ಹೇಳಿಕೊಳ್ಳೋಕೂ ನಾಚಿಕೆ.

ಬ್ಯಾಟರಿ ಚೆನ್ನಾಗಿಯೇ ಇತ್ತು. ನೀರಿನ ಮಟ್ಟ ತೋರಿಸೋ ಫ್ಲೋಟ್ ಕೆಂಪು ಗೆರೆಗೆ ಇಳಿದಿತ್ತು, ಅಷ್ಟೇ. ಹಿಂದಿನ ದಿನ ತುಂಬಾ ಹೊತ್ತು ಕರೆಂಟ್ ಇರಲಿಲ್ಲ, ಹಾಗಾಗಿ ಚಾರ್ಜ್ ಕೂಡ ಪೂರ್ತಿ ಆಗಿರಲಿಲ್ಲ. ಸರ್ವಿಸ್‌ಗೆ ಬಂದವನು ಮುಚ್ಚಳ ತೆಗೆದು ಹೈಡ್ರೋಮೀಟರ್ ಅದ್ದಿದ, ಒಳಗಿನ ದ್ರವದಲ್ಲಿ ಆಸಿಡ್ ಎಷ್ಟು ಗಟ್ಟಿ ಇದೆ ಅಂತ ತೋರಿಸೋ ಗಾಜಿನ ಕೊಳವೆ ಅದು. 1180 ತೋರಿಸಿತು. "ಸಾರ್, ಬ್ಯಾಟರಿ ವೀಕ್ ಆಗಿದೆ, ಇನ್ನೊಂದು ತಿಂಗಳು ಬಂದರೆ ಹೆಚ್ಚು" ಅಂದ. ಬ್ಯಾಗಿನಿಂದ ಒಂದು ಬಿಳಿ ಕ್ಯಾನ್ ತೆಗೆದ. ಅದರ ಮೇಲೆ ಲೇಬಲ್ ಇಲ್ಲ, ಏನೂ ಇಲ್ಲ. ಇದೇನಪ್ಪಾ ಅಂತ ಕೇಳಿದೆ. "ಬ್ಯಾಟರಿ ವಾಟರ್ ಸಾರ್, ಸ್ಪೆಷಲ್, ಅಂಗಡಿಯಲ್ಲಿ ಸಿಗಲ್ಲ." ಆರೂ ಸೆಲ್‌ಗೆ ಬಾಯಿತನಕ ಸುರಿದ. ಆಮೇಲೆ ಮತ್ತೆ ಹೈಡ್ರೋಮೀಟರ್ ಅದ್ದಿ, ರಬ್ಬರ್ ಬುರುಡೆ ಅದುಮಿ ಬಿಟ್ಟು, ನನ್ನ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದ. ಒಳಗಿನ ಗಾಜಿನ ಕಡ್ಡಿ ಮೇಲೆದ್ದು ಹಸಿರು ಪಟ್ಟಿಗೆ ಬಂದಿತ್ತು. 1250. "ನೋಡಿ ಸಾರ್, ಹೊಸ ಬ್ಯಾಟರಿ ತರ ಆಯ್ತು!"

ಮೋಸ ಇರೋದು ಇಲ್ಲೇ. ನೀರು ಹಾಕಿದರೆ ಆ ರೀಡಿಂಗ್ ಇಳಿಯಬೇಕು. ಏರೋಕೆ ಸಾಧ್ಯವೇ ಇಲ್ಲ! ಬ್ಯಾಟರಿ ಖರ್ಚಾದಾಗ ಆಸಿಡ್ ಒಳಗಿನ ಸೀಸದ ಪ್ಲೇಟಿಗೆ ಹೋಗಿ ಸೇರಿಕೊಳ್ಳುತ್ತದೆ, ಚಾರ್ಜ್ ಮಾಡಿದಾಗ ವಾಪಸ್ ಬರುತ್ತದೆ, ಅದಕ್ಕೇ ಮೊದಲು ಕಮ್ಮಿ ತೋರಿಸಿದ್ದು. ಚಾರ್ಜಿಗೆ ಹಾಕಿದ್ದರೆ ತಾನಾಗಿ ಏರುತ್ತಿತ್ತು. ಚಾರ್ಜ್ ಮಾಡದೆ, ನಿಂತ ನಿಲುವಿನಲ್ಲೇ, ಬರೀ ಸುರಿದ ಕೂಡಲೇ ಏರಿತು ಅಂದರೆ ಸುರಿದದ್ದು ಆಸಿಡ್, ಇನ್ನೇನೂ ಅಲ್ಲ. ಪ್ಲೇಟಿಗೆ ಒಂದು ಚೂರೂ ಚಾರ್ಜ್ ಏರಿರಲಿಲ್ಲ, ರೀಡಿಂಗ್ ಮಾತ್ರ ಹಸಿರು. ಬ್ಯಾಟರಿಯಿಂದ ದಿನಾ ಆರಿಹೋಗೋದು ನೀರು ಮಾತ್ರ. ಚಾರ್ಜ್ ಆಗುವಾಗ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹೋಗುತ್ತದೆ. ಆಸಿಡ್ ಅಲ್ಲೇ ಇರುತ್ತದೆ. ಇರೋ ಆಸಿಡ್ ಮೇಲೆ ಮತ್ತೆ ಆಸಿಡ್ ಯಾಕೆ?

ಆ ರಾತ್ರಿ ಚಾರ್ಜ್ ಆಗುತ್ತಾ ಮುಚ್ಚಳದ ಸುತ್ತ ಉಕ್ಕಿ ಹರಿಯಿತು. ಚಾರ್ಜ್ ಆಗುವಾಗ ಒಳಗಿನ ದ್ರವ ಉಬ್ಬುತ್ತದೆ ಅಂತ ಸರ್ವಿಸ್ ಮಾಡುವವನಿಗೆ ಗೊತ್ತಿರಲ್ವಾ? ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿತು. ಒರೆಸಿದ ಬಟ್ಟೆ ತೂತು ತೂತಾಯಿತು. ಕೆಲವೇ ವಾರಕ್ಕೆ ಬ್ಯಾಕಪ್ ಅರ್ಧಕ್ಕೆ ಇಳಿಯಿತು, ಬ್ಯಾಟರಿ ಮುಟ್ಟಿದರೆ ಬಿಸಿ. ಬೇರೆ ಮೆಕ್ಯಾನಿಕ್ ಬಂದು ನೋಡಿದರು. ಪೂರ್ತಿ ಚಾರ್ಜ್ ಆದಾಗ 1240 ಸುಮಾರು ಇರಬೇಕಾದ ಟ್ಯೂಬ್ಯುಲರ್ ಬ್ಯಾಟರಿ, ಎಲ್ಲ ಸೆಲ್‌ನಲ್ಲೂ 1300 ದಾಟಿತ್ತು. ಅವರು ಕೇಳಿದ್ದು ಒಂದೇ ಮಾತು, "ಇದಕ್ಕೆ ಆಸಿಡ್ ಯಾರು ಹಾಕಿದ್ದು?"

ಹಾಕಿದವನಿಗೆ ಫೋನ್ ಮಾಡಿದೆ. ಮೊದಲು "ನಾನು ಹಾಕಿದ್ದು ನೀರೇ ಸಾರ್." ಆಮೇಲೆ "ನಿಮ್ಮ ಬ್ಯಾಟರಿನೇ ಹಳೇದು." ರೀಡಿಂಗ್ ಹೇಗೆ ಏರಿತು ಅಂತ ಬಿಡದೆ ಕೇಳಿದ್ದಕ್ಕೆ "ಅದು ಸ್ವಲ್ಪ ಪವರ್ ಇರೋ ವಾಟರ್ ಸಾರ್, ಎಲ್ಲರಿಗೂ ಅದೇ ಹಾಕೋದು, ಯಾರೂ ಕಂಪ್ಲೇಂಟ್ ಮಾಡಿಲ್ಲ." ಪವರ್ ಇರೋ ವಾಟರ್ ಅಂತೆ! ಎಲ್ಲರಿಗೂ ಅಂತೆ! ಎಷ್ಟು ಮನೆ ಬ್ಯಾಟರಿ ಹೀಗೆ ಸುಟ್ಟಿದ್ದಾನೋ. ಅವನ ಓನರ್ ಅಂತೂ ಇನ್ನೂ ಮೇಲೆ. "ಬಿಲ್‌ನಲ್ಲಿ ಟಾಪ್ ಅಪ್ ಅಂತ ಇದೆ, ನೀರು ಅಂತ ಎಲ್ಲಿದೆ ತೋರಿಸಿ" ಅಂದ. ವಾರಂಟಿ ಇನ್ನೂ ಇತ್ತು, ಆದರೆ ಹೊರಗಿನವರು ಆಸಿಡ್ ಬೆರೆಸಿದ್ದಾರೆ ಅಂತ ಅದನ್ನೂ ತಳ್ಳಿಹಾಕಿದರು. ಯಾರೋ ಮಾಡಿದ್ದಕ್ಕೆ ನಷ್ಟ ನನಗೆ.

ಆದ್ದರಿಂದ ಡಿಸ್ಟಿಲ್ಡ್ ವಾಟರ್ ನೀವೇ ತಂದಿಡಿ, ಸೀಲ್ ಇರೋದು. ನಲ್ಲಿ ನೀರು, ಫಿಲ್ಟರ್ ನೀರು ನಡೆಯುತ್ತೆ ಅನ್ನೋರ ಮಾತೂ ಕೇಳಬೇಡಿ, ಅದರಲ್ಲಿರೋ ಉಪ್ಪು ಪ್ಲೇಟ್ ಹಾಳುಮಾಡುತ್ತದೆ. ಪ್ಲೇಟ್ ಒಣಗಿ ಕಾಣಿಸುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಮೊದಲು ಹಾಕಿ, ಉಳಿದದ್ದು ಪೂರ್ತಿ ಚಾರ್ಜ್ ಆದ ಮೇಲೆ, ಗೆರೆತನಕ ಮಾತ್ರ. ಬಿಲ್‌ನಲ್ಲಿ ಡಿಸ್ಟಿಲ್ಡ್ ವಾಟರ್ ಅಂತ ಅಕ್ಷರದಲ್ಲಿ ಬರೆಸಿ. ನೀವು ತಂದದ್ದು ಹಾಕಲ್ಲ, ನನ್ನ ಕ್ಯಾನಿನದ್ದೇ ಹಾಕೋದು ಅಂದರೆ, ಮುಚ್ಚಳ ಹಾಕಿಸಿ ಕಳಿಸಿಬಿಡಿ.