ಪೆನ್ಸಿಲ್ ಕ್ಯಾಕ್ಟಸ್‌ಗೆ ಕತ್ತರಿ ಹಾಕುವ ಮೊದಲು ಇದನ್ನು ಓದಿ

ಹಾಲ್‌ನಲ್ಲೋ ಬಾಲ್ಕನಿಯಲ್ಲೋ ಪೆನ್ಸಿಲ್ ಕ್ಯಾಕ್ಟಸ್ ಇಟ್ಟುಕೊಂಡಿದ್ದೀರಾ? ಎಲೆ ಕಾಣದ, ಪೆನ್ಸಿಲ್ ದಪ್ಪದ ಹಸಿರು ಕಡ್ಡಿಗಳ ಗಿಡ. ಬಿಸಿಲಿಗೆ ತುದಿ ಕೇಸರಿಯಾಗುವ ತಳಿಯನ್ನು ಫೈರ್ ಸ್ಟಿಕ್ ಅಂತ ಮಾರುತ್ತಾರೆ. ಅದರ ಕಡ್ಡಿ ಮುರಿದರೆ ಬರುವ ಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅನ್ನೋದನ್ನು ನಮ್ಮ ಮನೆಯವರು ಅನುಭವಿಸಿದ್ದಾರೆ. ಬೇರೆಯವರಿಗೆ ಆ ಪಾಡು ಬೇಡ ಅಂತ ಬರೆಯುತ್ತಿದ್ದೇನೆ.

ನರ್ಸರಿಯವರು ಗಿಡ ಕೊಡುವಾಗ ಹೇಳಿದ್ದು ಇಷ್ಟೇ: "ಕ್ಯಾಕ್ಟಸ್ ಮೇಡಂ. ಹದಿನೈದು ದಿನಕ್ಕೊಂದ್ಸಲ ನೀರು ಹಾಕಿದ್ರೆ ಸಾಕು, ಏನೂ ತಲೆನೋವಿಲ್ಲ." ಕುಂಡಕ್ಕೆ ಅಂಟಿಸಿದ್ದ ಚೀಟಿಯಲ್ಲಿ ಬೆಲೆ ಬಿಟ್ಟರೆ ಬೇರೇನೂ ಇರಲಿಲ್ಲ.

ಇದನ್ನು ಒಳಾಂಗಣ ಗಿಡ ಅಂತ ಮಾರುವುದೇ ಮೊದಲ ತೊಂದರೆ. ಇದಕ್ಕೆ ಚೆನ್ನಾಗಿ ಬಿಸಿಲು ಬೇಕು. ಹಾಲ್‌ನ ಮಬ್ಬು ಬೆಳಕಿನಲ್ಲಿ ಕಡ್ಡಿಗಳು ಸಣಕಲಾಗಿ ಕಿಟಕಿ ಕಡೆಗೆ ಉದ್ದಕ್ಕೆ ಬೆಳೆಯುತ್ತವೆ. ಭಾರ ತಡೆಯದೆ ಬಾಗುತ್ತವೆ. ಸುಮ್ನೆ ಕೈ ತಗುಲಿದರೂ ಪಟಕ್ಕಂತ ಮುರಿಯುತ್ತವೆ. ಆಗ ಕತ್ತರಿಸಲೇಬೇಕಾಗುತ್ತದೆ, ಅದೂ ಮುಖದ ಮಟ್ಟದಲ್ಲಿ.

ನಮ್ಮಲ್ಲೂ ಆಗಿದ್ದು ಅದೇ. ಸೋಫಾ ಮೇಲಕ್ಕೆ ಬಾಗಿದ್ದ ಕೊಂಬೆಗಳನ್ನು ತೆಗೆಯೋಣ ಅಂತ ಒಂದು ಭಾನುವಾರ ನಮ್ಮವರು ಕತ್ತರಿ ಹಿಡಿದರು. ಮೊದಲ ಕೊಂಬೆ ಕಡಿದದ್ದೇ ತಡ, ಹಾಲು ಒಂದೇ ಸಮನೆ ತೊಟ್ಟಿಕ್ಕತೊಡಗಿತು. ಹೆಬ್ಬೆರಳು, ಮಣಿಕಟ್ಟು, ಕತ್ತರಿಯ ಹಿಡಿ ಎಲ್ಲ ಅಂಟಂಟು. ಒಂದು ಹನಿ ರೆಪ್ಪೆಯ ಮೇಲೆ ಬಿತ್ತು. ಅವರು ಮುಂಗೈಯಿಂದ ಒರೆಸಿಕೊಂಡರು. ಮುಂಗೈಗೂ ಹಾಲು ಮೆತ್ತಿತ್ತು.

ಮೊದಲಿಗೆ ಸ್ವಲ್ಪ ಉರಿ, ಅಷ್ಟೇ. ಮುಖಕ್ಕೆ ನಾಲ್ಕು ಬೊಗಸೆ ನೀರು ಹಾಕಿಕೊಂಡು ಕೆಲಸ ಮುಂದುವರಿಸಿದರು. ಈ ಹಾಲಿನ ಮೋಸ ಇರೋದು ಇಲ್ಲೇ. ಹೊತ್ತು ಹೋದಂತೆ ಉರಿ ಏರುತ್ತದೆ. ರಾತ್ರಿ ಹೊತ್ತಿಗೆ ಕಣ್ಣು ಬಾತು ಮುಚ್ಚಿಕೊಂಡಿತ್ತು. ನೀರು ಧಾರಾಕಾರ. ಟ್ಯೂಬ್‌ಲೈಟ್ ಬೆಳಕೂ ತಡೆಯಲಾಗದೆ ಟವೆಲ್ ಹೊದ್ದು ಕೂತರು. ಖಾರದ ಪುಡಿ ತುಂಬಿದ ಹಾಗಿದೆ ಅಂತ ನರಳುತ್ತಿದ್ದರು.

ಚಳ್ಳಕೆರೆಯಲ್ಲಿರುವ ಅತ್ತೆಗೆ ಗಿಡದ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು. "ಅಯ್ಯೋ, ಇದು ನಮ್ಮ ಹೊಲದ ಬೇಲಿ ಕಳ್ಳಿ ಅಲ್ವೇನೇ? ಇದನ್ನ ದುಡ್ಡು ಕೊಟ್ಟು ತಂದ್ರಾ? ಮೊದ್ಲು ಅವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು."

ಅತ್ತೆ ಹೇಳಿದ್ದು ಸರಿ. ಇದು ಕ್ಯಾಕ್ಟಸ್ ಅಲ್ಲ, ಯೂಫೋರ್ಬಿಯಾ ತಿರುಕಲ್ಲಿ. ಮೂಲ ಆಫ್ರಿಕಾ. ನಮ್ಮ ಬಯಲುಸೀಮೆಯಲ್ಲಿ ತಲೆಮಾರುಗಳಿಂದ ಹೊಲದ ಬೇಲಿಗೆ ನೆಡುತ್ತಾರೆ, ಯಾಕಂದ್ರೆ ದನ ಬಾಯಿ ಹಾಕೋದಿಲ್ಲ. ಕಳ್ಳಿ ಹಾಲು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತೆ ಅಂತ ಹಳ್ಳಿಯಲ್ಲಿ ಚಿಕ್ಕ ಮಕ್ಕಳಿಗೂ ಹೇಳಿರುತ್ತಾರೆ. ಅದೇ ಗಿಡ ಸಿಟಿಗೆ ಬಂದು ಬಿಳಿ ಸೆರಾಮಿಕ್ ಕುಂಡದಲ್ಲಿ ಕೂತರೆ ಈ ಮಾತು ಹೇಳೋರೇ ಇಲ್ಲ.

ಕಣ್ಣಿನ ಡಾಕ್ಟರು ಒಂದು ಬಣ್ಣದ ಹನಿ ಹಾಕಿ ನೀಲಿ ದೀಪದಲ್ಲಿ ನೋಡಿದರು. ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪರದೆಯ, ಮೇಲ್ಪದರ ಕಿತ್ತುಹೋದ ಕಡೆಯೆಲ್ಲ ಹಸಿರಾಗಿ ಹೊಳೆಯುತ್ತಿತ್ತು. ಆ್ಯಂಟಿಬಯೋಟಿಕ್ ಡ್ರಾಪ್ಸ್ ಕೊಟ್ಟು, ಮತ್ತೆ ಮತ್ತೆ ಬಂದು ತೋರಿಸಿ ಅಂದರು. ಕೆಲವು ದಿನ ಎಲ್ಲವೂ ಮಂಜು ಮಂಜು. ಆಮೇಲೆ ದೃಷ್ಟಿ ಪೂರ್ತಿ ಮರಳಿತು. ಎಲ್ಲರಿಗೂ ಇಷ್ಟರಲ್ಲೇ ಮುಗಿಯುತ್ತೆ ಅನ್ನುವ ಹಾಗಿಲ್ಲ. ಚಿಕಿತ್ಸೆ ತಡವಾಗಿ ಸೋಂಕು ತಗುಲಿದರೆ ಹುಣ್ಣಾಗಿ ಕಲೆ ಉಳಿಯಬಹುದು.

ಹಾಲು ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಮೊದಲು ಸೋಪು ಹಾಕಿ ಕೈ ತೊಳೆಯಿರಿ, ಆದರೆ ಹೊತ್ತು ಕಳೆಯಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ. ರೆಪ್ಪೆ ಬಿಡಿಸಿ ಹಿಡಿದು 15-20 ನಿಮಿಷ ಸಣ್ಣಗೆ ನಲ್ಲಿ ನೀರು ಬಿಡಿ. ನಾಲ್ಕು ಬೊಗಸೆ ಸಾಲದು, ಹಾಲು ಅಂಟಿನಂಥದ್ದು. ರೋಸ್ ವಾಟರ್, ಹರಳೆಣ್ಣೆ, ಎದೆಹಾಲು ಯಾವುದೂ ಬೇಡ. ಉರಿ ಕಡಿಮೆ ಅನ್ನಿಸಿದರೂ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಗಿಡದ ಫೋಟೋ ಮೊಬೈಲಲ್ಲಿರಲಿ, ಡಾಕ್ಟರಿಗೆ ಅದು ಬೇಕಾಗುತ್ತದೆ.

ಇದೊಂದೇ ಗಿಡ ಅಲ್ಲ. ಯೂಫೋರ್ಬಿಯಾದಲ್ಲಿ ಸುಮಾರು 2,000 ಜಾತಿಗಳಿವೆ. ಆಫ್ರಿಕನ್ ಮಿಲ್ಕ್ ಟ್ರೀ, ಬೀಸಣಿಗೆ ಥರ ಮಡಿಕೆ ಬಿದ್ದ ಕೋರಲ್ ಕ್ಯಾಕ್ಟಸ್, ಗೇಟಿನ ಪಕ್ಕ ಹೂ ಬಿಡುವ ಯೂಫೋರ್ಬಿಯಾ ಮಿಲಿ ಎಲ್ಲ ಇದೇ ಬಳಗ. ಗುರುತು ಹಿಡಿಯಲು ಮುಳ್ಳಿನ ಬುಡ ನೋಡಿ. ನಿಜವಾದ ಕ್ಯಾಕ್ಟಸ್ ಮುಳ್ಳು ಹತ್ತಿಯಂಥ ಪುಟ್ಟ ಚುಕ್ಕೆಯಿಂದ ಹೊರಡುತ್ತದೆ. ಯೂಫೋರ್ಬಿಯಾಗೆ ಆ ಚುಕ್ಕೆ ಇರುವುದಿಲ್ಲ. ಗಿಡಕ್ಕೆ ಮುಳ್ಳೇ ಇಲ್ಲದಿದ್ದರೆ ಉದ್ದನೆಯ ಸೂಜಿಯಿಂದ ದೂರದಲ್ಲೇ ನಿಂತು ಚುಚ್ಚಿ. ಬಿಳಿ ಹಾಲು ಬಂದರೆ ಹುಷಾರು.

ಗಿಡವನ್ನು ಕಿತ್ತೆಸೆಯಬೇಕಾಗಿಲ್ಲ. ನಮ್ಮದು ಈಗ ಬಿಸಿಲು ಬೀಳುವ ಬಾಲ್ಕನಿ ಮೂಲೆಯಲ್ಲಿ, ಮಕ್ಕಳ ಕೈಗೆ ಎಟುಕದ ಕಡೆ ಇದೆ. ಕಡ್ಡಿಗಳು ಗಟ್ಟಿಯಾಗಿವೆ, ಕತ್ತರಿಸುವ ಪ್ರಸಂಗವೇ ಕಡಿಮೆ. ಕತ್ತರಿಸುವಾಗ ಗ್ಲೌಸ್, ತುಂಬು ತೋಳಿನ ಅಂಗಿ, ಕಣ್ಣಿಗೆ ಪ್ಲಾಸ್ಟಿಕ್ ಗಾಗಲ್ಸ್. ತಲೆಗಿಂತ ಮೇಲಿನ ಕೊಂಬೆಗೆ ಸ್ಟೂಲ್ ಹತ್ತಬೇಕು, ಕೆಳಗೆ ನಿಂತು ಕಡಿಯಬಾರದು. ಕಡಿದ ಜಾಗಕ್ಕೆ ನೀರು ಸಿಂಪಡಿಸಿದರೆ ಹಾಲು ಬೇಗ ನಿಲ್ಲುತ್ತದೆ.

ನರ್ಸರಿಗೆ ಹೋಗಿ ಕೇಳಿದೆ. "ಎಲ್ರೂ ತಗೊಂಡು ಹೋಗ್ತಾರೆ ಮೇಡಂ, ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದರು. ಒಂದು ಚೀಟಿ ಅಂಟಿಸಿ ಅಂದರೆ ನಕ್ಕರು. ಚೀಟಿಗೆ ಎಷ್ಟು ಖರ್ಚಾಗುತ್ತೆ ಹೇಳಿ?

ಇನ್ನೊಂದು ವಿಷಯ. ಕಡಿದ ತುಂಡುಗಳನ್ನು ಹಾಗೇ ಹಸಿ ಕಸದ ಬುಟ್ಟಿಗೆ ಹಾಕಬೇಡಿ. ಪೌರಕಾರ್ಮಿಕರು ಎಷ್ಟೋ ಸಲ ಬರಿಗೈಯಲ್ಲೇ ಕಸ ಬಿಡಿಸುತ್ತಾರೆ. ತುಂಡುಗಳನ್ನು ಹಳೇ ಪೇಪರ್ ಮೇಲೆ ಹರಡಿ ಪೂರ್ತಿ ಒಣಗಲು ಬಿಡಿ. ಆಮೇಲೆ ದಪ್ಪಗೆ ಸುತ್ತಿ, ಮೇಲೆ "ಕಳ್ಳಿ" ಅಂತ ಬರೆದು, ಬಾಯಲ್ಲೂ ಒಂದು ಮಾತು ಹೇಳಿ ಕೊಡಿ.